ಕಣ್ಣು ಎಣಿಸಿದವನು

ಹಂಪನಕಟ್ಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ,
ಅದರ ಮಾಳಿಗೆಯಲ್ಲಿ ನಾನು.
ಮೇಜಿನ ಮೇಲೆ ಅಂಗಾತ ಮಲಗಿದೆ
ಎರಡು ಮೊಳ ಅಗಲದ ಕ್ಯಾನ್ವಾಸು:
ಬಂದರಿನ ಉಪ್ಪಿನ ಬಂಗಲೆ, ಅದರ ಮುಂದೆ ಹೊಳೆ,
ಎಲ್ಲದರ ಮೇಲೆ ನೂರೈವತ್ತು ವರ್ಷದ ದೀಪದ ಹೊಗೆ.

ತಂದವರು ಗ್ರೆಗರಿ ರಸ್ಕಿನ್ಹರು.
"ಕ್ಯಾಪ್ಟನ್ ಹಾರ್ಗ್ರೀವ್ ಎಂದು ಬರೆದುಕೊಡಿ, ಸಾಕು.
ಹರಾಜಿನವರು ಮೊದಲು ಹೆಸರು ಕೇಳುವುದು,
ಚಿತ್ರ ನೋಡುವುದು ಆಮೇಲೆ."
ಹಿಂಬದಿಯ ಪಟ್ಟಿಯಲ್ಲಿ ಹೆಸರೂ ಉಂಟು.
ಮೊದಲಕ್ಷರ ಉಂಟು, ಕೊನೆಯದು ಉಂಟು,
ನಡುವಿನದನ್ನು ಗೆದ್ದಲು ಓದಿ ಮುಗಿಸಿದೆ.

ಕ್ಯಾಪ್ಟನ್ನನ ಬೇರೆ ನಾಲ್ಕು ಚಿತ್ರ ನೋಡಿದ್ದೇನೆ.
ಕಂಬವೆಂದರೆ ಪ್ರಾಣ ಅವನಿಗೆ,
ಕಂಬದ ಬುಡದ ನೆರಳಿಗೂ ಮೂರು ಸಲ ಕುಂಚ ಅದ್ದುವವ.
ಮನುಷ್ಯರೆಂದರೆ ದಡದಲ್ಲಿ ಮೂರು ಚುಕ್ಕಿ.

ಕಡ್ಡಿಗೆ ಹತ್ತಿ ಸುತ್ತಿ, ಎಂಜಲಲ್ಲಿ ಅದ್ದಿ
ಉಗುರಗಲ ಉಗುರಗಲ ಒರೆಸುತ್ತೇನೆ.
ಇಷ್ಟು ಮೆತ್ತಗೆ ಕೊಳೆ ಬಿಡಿಸುವ ದ್ರಾವಣ
ಯಾವ ಬಾಟಲಿಯಲ್ಲೂ ಬರುವುದಿಲ್ಲ.
(ಅಜ್ಜಿ ಇದ್ದಿದ್ದರೆ ಚಿತ್ರವನ್ನೂ ನನ್ನನ್ನೂ
ಬಾವಿಕಟ್ಟೆಯಲ್ಲಿ ನಿಲ್ಲಿಸಿ ಮೀಯಿಸುತ್ತಿದ್ದಳು.)

ಮೊದಲ ವಾರ ಮಾಡು ಎದ್ದಿತು. ಮುಳಿಹುಲ್ಲಲ್ಲ, ಹಂಚು.
ಹಂಚಿನ ಕಾರ್ಖಾನೆ ಹೊಗೆಯುಗುಳುವ ಹೊತ್ತಿಗೆ
ಕ್ಯಾಪ್ಟನ್ ಮಣ್ಣು ಸೇರಿ ಹದಿಮೂರು ವರ್ಷ.
"ಹಂಚು ಆಮೇಲೆ ಯಾರೋ ಬಳಿದದ್ದಿರಬಹುದಲ್ಲ?" ಎಂದರು ರಸ್ಕಿನ್ಹರು.
ದೀಪ ಓರೆ ಹಿಡಿದು ನೋಡಿದೆ:
ಕೆಂಪಿನ ಅಡಿಯಲ್ಲಿ ಕೆಂಪು, ಅದರಡಿಯಲ್ಲಿ ಬಟ್ಟೆ.

ಬಂಗಲೆ ಇನ್ನೂ ಉಂಟು, ಈಗ ಐಸ್ ಪ್ಲಾಂಟು.
ಹೋಗಿ ಕಂಬ ಎಣಿಸಿದೆ: ಎಂಟು.
ಚಿತ್ರದಲ್ಲಿ ಏಳು.
ಬಂಗಲೆಯನ್ನು ಸರಿಯಾಗಿ ನೋಡದವನೇ
ಬಂಗಲೆಯ ಚಿತ್ರ ಬರೆದನೇ?

ಎರಡನೆಯ ವಾರ, ಎಡಗಡೆ, ಕೆಳಗೆ,
ಮಸಿ ಬಿಟ್ಟುಕೊಟ್ಟಿತು ಒಂದು ಬಲೆ.
ಕಣ್ಣು ಕಣ್ಣೂ ಬಿಡಿಸಿದ್ದ ಬಲೆ.

ಬೆಂಗರೆಯ ಕಡವಿನ ಇದಿನಬ್ಬನಿಗೆ ಮೊಬೈಲು ಕೊಟ್ಟೆ.
ಎರಡು ಬೆರಳಲ್ಲಿ ಚಿತ್ರ ಅಗಲಿಸಿ ತುಂಬ ಹೊತ್ತು ನೋಡಿದ.
"ಮಡಿಲಿನ ಹತ್ತಿರ ಕಣ್ಣು ಸಣ್ಣದಾಗಬೇಕು.
ಮಾಡಿದ್ದಾನೆ.
ಇಲ್ಲಿ ಹರಿದದ್ದು, ಬೇರೆ ನೂಲಲ್ಲಿ ಕಟ್ಟಿದ್ದಾನೆ, ಕಂಡಿತಾ?
ಇದು ನೋಡಿ ಬರೆದದ್ದಲ್ಲ ಮಾರಾಯ್ರೆ, ಕಟ್ಟಿ ಗೊತ್ತಿದ್ದವ."
ಮತ್ತೆ, ನಾನು ಕೇಳದೆಯೇ,
"ನಿಂತದ್ದು ಕಲ್ಲುದಿಬ್ಬದಲ್ಲಿ. ಬೇರೆ ದಿಬ್ಬವೆಲ್ಲ ವರ್ಷವರ್ಷ ಜಾಗ ಬಿಡುತ್ತವೆ,
ಅಡಿಯಲ್ಲಿ ಕಲ್ಲಿರುವುದರಿಂದ ಅದೊಂದು ಹೋಗುವುದಿಲ್ಲ.
ಇಳಿತದಲ್ಲಿ ಎರಡು ತಾಸು ಕಾಣುತ್ತದೆ, ಅಷ್ಟೆ."

ಕಾರ್ಖಾನೆಯ ಹಳೆಯ ಸಂಬಳದ ಪುಸ್ತಕದಲ್ಲಿ
ಒಂದು ಸಾಲು ಸಿಕ್ಕಿತು:
ಅಚ್ಚಿಗೆ ನಕ್ಷೆ ಬರೆಯುವ ಹುಡುಗ, ತಿಂಗಳಿಗೆ ಎರಡು ರೂಪಾಯಿ.
ಹೆಸರಿನ ಕಾಲಮ್ಮಿನಲ್ಲಿ 'ಬೆಂಗರೆಯವ'.
ಅವನೇ ಎನ್ನಲಾರೆ. ಬೆಂಗರೆಯಲ್ಲಿ ಹುಡುಗರಿಗೇನು ಬರವೇ?
ಅವನಲ್ಲ ಎನ್ನುವುದಕ್ಕೂ ಬಾಯಿ ಬರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಬಂದು
ಇದಿನಬ್ಬ ದೋಣಿ ಬಿಟ್ಟ.
ಸೀರೆ ಎತ್ತಿ ಕಟ್ಟಿ ದಿಬ್ಬಕ್ಕಿಳಿದೆ. ನೀರು ಮೊಣಕಾಲಿಗೆ.
ಮೀನಿನ ಎಣ್ಣೆಯ ನಾತ, ತಲೆಯ ಮೇಲೆ ಹದ್ದು.
ತಿರುಗಿ ನೋಡಿ ಎಣಿಸಿದೆ.
ಏಳು.
ಎಂಟನೆಯ ಕಂಬ ಏಳನೆಯದರ ಬೆನ್ನ ಹಿಂದೆ
ಸರಿಯಾಗಿ ಒಂದೇ ಗೆರೆಯಲ್ಲಿ ನಿಂತುಬಿಟ್ಟಿತ್ತು.
ಒಂದು ಹೆಜ್ಜೆ ಬಲಕ್ಕೆ ಇಟ್ಟೆ, ಇಣುಕಿತು.
ಎಡಕ್ಕೆ ಬಂದೆ, ಹೋಯಿತು.
ಆ ಒಂದು ಹೆಜ್ಜೆಯ ಜಾಗದಲ್ಲಿ
ಏರುವ ನೀರು ಸೊಂಟಕ್ಕೆ ಬರುವವರೆಗೆ,
ಇದಿನಬ್ಬ ಕೂಗುವವರೆಗೆ, ನಿಂತಿದ್ದೆ.

ವರದಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು
ನಿಂತ ಜಾಗ ಬರೆದೆ. ಹೊತ್ತು, ಇಳಿತ, ನೀರಿನ ಆಳ.

ರಸ್ಕಿನ್ಹರು ಓದಿ, ಕನ್ನಡಕ ಒರೆಸಿ, ಮತ್ತೆ ಓದಿ
"ಇದಕ್ಕೆ ಎಷ್ಟು ಕೊಡುತ್ತಾರೆ?" ಎಂದರು.
ಗೊತ್ತಿಲ್ಲ ಎಂದೆ.
ಮೆಟ್ಟಿಲಿಳಿಯುವಾಗ ನೋಡಿದೆ,
ಚಪ್ಪಲಿಯಲ್ಲಿ ಇನ್ನೂ ಮರಳಿತ್ತು.